ಬ್ರೇಕ್ ಬಿಟ್ಟ ಮೇಲೆ ಶುರುವಾಗುವ ಸಂಬಳ

2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ನ್ಯೂಅರ್ಕ್‌ನಿಂದ ಬಫಲೋಗೆ ಹೊರಟ ವಿಮಾನದ ಟಿಕೆಟ್ ಮೇಲೆ ಕಾಂಟಿನೆಂಟಲ್ ಕನೆಕ್ಷನ್ ಎಂದು ಅಚ್ಚಾಗಿತ್ತು. ಕಾಂಟಿನೆಂಟಲ್ ಅಂದರೆ ಆ ಕಾಲಕ್ಕೆ ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಒಂದು. ಆದರೆ ವಿಮಾನ ಓಡಿಸುತ್ತಿದ್ದದ್ದು ಕಾಲ್ಗನ್ ಏರ್ ಎಂಬ ಬೇರೆಯೇ ಕಂಪನಿ. ಪೈಲಟ್‌ಗಳ ಸಂಬಳದ ಚೀಟಿ ಬರುತ್ತಿದ್ದದ್ದೂ ಆ ಕಂಪನಿಯಿಂದಲೇ. ಟಿಕೆಟ್ ಕೊಂಡವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಕಾರಣವೂ ಇರಲಿಲ್ಲ.

ವಿಮಾನ ಬಫಲೋ ಹತ್ತಿರ ಬಂದಾಗ ವೇಗ ಕುಸಿಯಿತು. ಎಚ್ಚರಿಕೆಯಾಗಿ ಕಂಟ್ರೋಲ್ ಕಂಬ ನಡುಗಿತು. ಮೂತಿಯನ್ನು ಕೆಳಗೆ ಮಾಡಿ ವೇಗ ಗಳಿಸಬೇಕಾದ ಹೊತ್ತಿನಲ್ಲಿ ಕ್ಯಾಪ್ಟನ್ ಕಂಬವನ್ನು ತನ್ನತ್ತ ಎಳೆದರು. ಕ್ಲಾರೆನ್ಸ್ ಸೆಂಟರ್ ಎಂಬ ಊರಿನ ಒಂದು ಮನೆಯ ಮೇಲೆ ವಿಮಾನ ಬಿತ್ತು. ಒಳಗಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜನ ತೀರಿಕೊಂಡರು.

ಅಪಘಾತದ ತಾಂತ್ರಿಕ ಕಥೆ ಇಷ್ಟೇ, ಅದನ್ನು ಬೆಳೆಸುವ ಉದ್ದೇಶ ನನಗಿಲ್ಲ. ನಾನು ಹೇಳಹೊರಟದ್ದು ಅದೇ ವರ್ಷದ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಮೂರು ದಿನ ನಡೆದ ಬಹಿರಂಗ ವಿಚಾರಣೆಯಲ್ಲಿ ಹೊರಬಿದ್ದ ಇನ್ನೊಂದು ಕಥೆಯನ್ನು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಆ ವಿಚಾರಣೆಯಲ್ಲಿ ರೆಕ್ಕೆ, ಮಂಜುಗಡ್ಡೆ, ತರಬೇತಿಗಳ ನಡುವೆ ಒಂದು ವಿಚಿತ್ರ ಪ್ರಶ್ನೆ ಬಂತು: ಸಹ ಪೈಲಟ್‌ಗೆ ಸಂಬಳ ಎಷ್ಟಿತ್ತು? ಹಿಂದಿನ ರಾತ್ರಿ ಆಕೆ ಎಲ್ಲಿ ಮಲಗಿದ್ದಳು?

ಆಕೆಗೆ 24 ವರ್ಷ. ಕೆಲಸಕ್ಕೆ ಸೇರಿ ಒಂದು ವರ್ಷದ ಮೇಲೆ ಸ್ವಲ್ಪ ದಿನವಾಗಿತ್ತು. ಡ್ಯೂಟಿಯ ನೆಲೆ ಪೂರ್ವ ತೀರದ ನ್ಯೂಅರ್ಕ್, ವಾಸ ಪಶ್ಚಿಮ ತೀರದ ಸಿಯಾಟಲ್ ಬಳಿ ತಂದೆತಾಯಿಯ ಮನೆಯಲ್ಲಿ. ನಡುವೆ ಇಡೀ ಅಮೆರಿಕ ಖಂಡ. ಹಿಂದಿನ ಸಂಜೆ ಸಿಯಾಟಲ್‌ನಲ್ಲಿ ಫೆಡೆಕ್ಸ್ ಸರಕು ವಿಮಾನದ ಹೆಚ್ಚುವರಿ ಸೀಟಿನಲ್ಲಿ ಕೂತು, ನಡುರಾತ್ರಿ ಮೆಂಫಿಸ್‌ನಲ್ಲಿ ಇಳಿದು, ಇನ್ನೊಂದು ಸರಕು ವಿಮಾನ ಹಿಡಿದು ಬೆಳಿಗ್ಗೆ ಆರೂವರೆಯ ಸುಮಾರಿಗೆ ನ್ಯೂಅರ್ಕ್ ಸೇರಿದ್ದಳು. ಡ್ಯೂಟಿಗೆ ಹಾಜರಾಗಬೇಕಿದ್ದದ್ದು ಮಧ್ಯಾಹ್ನ ಒಂದೂವರೆಗೆ. ಅಲ್ಲಿಯವರೆಗೆ ಸಿಬ್ಬಂದಿಯ ಕೋಣೆಯೇ ಗತಿ. ಕ್ಯಾಪ್ಟನ್ ಫ್ಲಾರಿಡಾದಿಂದ ಬರುವವರು, ಅವರೂ ರಾತ್ರಿ ಕಳೆದದ್ದು ಅದೇ ಕೋಣೆಯಲ್ಲಿ. ಅಲ್ಲಿ ರಾತ್ರಿ ಮಲಗಬಾರದೆಂದು ಕಂಪನಿಯ ನಿಯಮವಿತ್ತು. ಮತ್ತೆಲ್ಲಿ ಮಲಗಬೇಕು ಎಂಬುದಕ್ಕೆ ನಿಯಮವಿರಲಿಲ್ಲ.

ಅಂದು ಗಾಳಿ ಜೋರಾಗಿತ್ತು. ಅವರಿಬ್ಬರ ಮೊದಲ ಎರಡು ಹಾರಾಟಗಳು ರದ್ದಾದವು. ಕಾದು ಕಾದು, ಬಫಲೋ ವಿಮಾನ ನೆಲ ಬಿಟ್ಟಾಗ ರಾತ್ರಿ 9.18. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಆಕೆ ಸೀನುವುದು ಕೇಳಿಸುತ್ತದೆ. ನೆಗಡಿಯಾಗಿತ್ತು. ಈಗ ಹುಷಾರಿಲ್ಲ ಅಂದರೆ ಇಲ್ಲೇ ಹೋಟೆಲ್ ರೂಮಿಗೆ ನಾನೇ ದುಡ್ಡು ಕೊಟ್ಟುಕೊಂಡು ಇರಬೇಕಾಗುತ್ತದೆ ಎಂಬರ್ಥದ ಮಾತನ್ನು ಆಕೆ ಹೊರಡುವ ಮುಂಚೆ ಆಡಿದ್ದಳು. ಹಿಂದಿನ ವರ್ಷ ತನಗೆ ಬಂದದ್ದು 15,800 ಡಾಲರ್ ಎಂದೂ ಅದೇ ಮುದ್ರಣದಲ್ಲಿದೆ. ಆಕೆಯ ದರ್ಜೆಯ ವರ್ಷದ ಸಂಬಳ ವಾಸ್ತವದಲ್ಲಿ 23,900 ಡಾಲರ್ ಎಂದು ಕಂಪನಿ ಆಮೇಲೆ ತಿದ್ದಿ ಹೇಳಿತು. ಯಾವುದೇ ಲೆಕ್ಕ ಹಿಡಿದರೂ ನ್ಯೂಅರ್ಕ್‌ನಲ್ಲಿ ಮನೆ ಬಾಡಿಗೆಗೆ ಹಿಡಿದು ಬದುಕುವಷ್ಟು ಹಣ ಅದಲ್ಲ.

ಇದು ಒಬ್ಬಳ ಕಥೆಯಲ್ಲ. ಆ ಸಮಯದಲ್ಲಿ ನ್ಯೂಅರ್ಕ್ ನೆಲೆಯಲ್ಲಿದ್ದ ಕಾಲ್ಗನ್‌ನ 137 ಪೈಲಟ್‌ಗಳಲ್ಲಿ 93 ಮಂದಿ ಬೇರೆ ಊರಿನಿಂದ ಬಂದು ಹೋಗುವವರು. ಅವರಲ್ಲಿ 49 ಮಂದಿ 400 ಮೈಲಿಗಿಂತ ದೂರದವರು.

ಸಂಬಳ ಕಡಿಮೆ ಇತ್ತು ಅಂದುಬಿಟ್ಟರೆ ಅರ್ಧ ಮಾತ್ರ ಹೇಳಿದಂತೆ. ಆ ಸಂಬಳವನ್ನು ಯಾವ ಗಂಟೆಗೆ ಎಣಿಸುತ್ತಿದ್ದರು ಅನ್ನುವುದರಲ್ಲಿ ಉಳಿದರ್ಧ ಇದೆ.

ಅಮೆರಿಕದ ಪೈಲಟ್‌ಗೆ ಗಂಟೆಯ ಲೆಕ್ಕದಲ್ಲಿ ದುಡ್ಡು. ಆ ಗಂಟೆ ಶುರುವಾಗುವುದು ಬೆಳಿಗ್ಗೆ ಸಮವಸ್ತ್ರ ತೊಟ್ಟಾಗಲ್ಲ, ಹವಾಮಾನದ ಕಾಗದ ಓದಿ ಇಂಧನದ ಲೆಕ್ಕ ಮಾಡುವಾಗಲ್ಲ, ಪ್ರಯಾಣಿಕರು ಹತ್ತುವಾಗಲೂ ಅಲ್ಲ. ಬಾಗಿಲು ಮುಚ್ಚಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ವಿಮಾನ ನಿಂತ ಜಾಗದಿಂದ ಕದಲಿದಾಗ. ಮುಗಿಯುವುದು ಇನ್ನೊಂದು ಊರಿನಲ್ಲಿ ಮತ್ತೆ ಬ್ರೇಕ್ ಹಾಕಿದಾಗ. ನಡುವಿನ ಅವಧಿಗೆ ಬ್ಲಾಕ್ ಎಂದು ಹೆಸರು. ಹಾರಾಟಗಳ ನಡುವೆ ಮೂರು ಗಂಟೆ ಖಾಲಿ ಕೂತರೆ ಅದು ಡ್ಯೂಟಿ ಹೌದು, ಆದರೆ ಗಂಟೆಯ ದರಕ್ಕೆ ಲೆಕ್ಕವಿಲ್ಲ. ಮನೆ ಬಿಟ್ಟಿರುವ ಅವಧಿಗೆ ಊಟದ ಖರ್ಚೆಂದು ಚಿಲ್ಲರೆ ಭತ್ಯೆ ಸಿಗುತ್ತದೆ. ಒಂದು ತಿಂಗಳಲ್ಲಿ ಇಷ್ಟು ಗಂಟೆಯ ಸಂಬಳ ಖಾತ್ರಿ ಎಂಬ ಕರಾರೂ ಇರುತ್ತದೆ, ಸಾಮಾನ್ಯವಾಗಿ 75 ಗಂಟೆ. ಈಗ ನೀವೇ ಗುಣಿಸಿ: ಹೊಸಬರಿಗೆ ಗಂಟೆಗೆ 20 ಡಾಲರ್ ಅಂದರೆ ತಿಂಗಳಿಗೆ 1,500, ವರ್ಷಕ್ಕೆ 18,000. ಗಂಟೆಗೆ 20 ಡಾಲರ್ ಎಂದು ಕೇಳಿದಾಗ ಪರವಾಗಿಲ್ಲ ಅನ್ನಿಸುವ ಮೊತ್ತ, ತಿಂಗಳಲ್ಲಿ 250 ಗಂಟೆ ಮನೆಯಿಂದ ಹೊರಗಿದ್ದವರಿಗೆ ಗಂಟೆಗೆ ಆರು ಡಾಲರ್ ಆಗಿಬಿಡುತ್ತದೆ.

ನನ್ನ ಕಸುಬು ಅನುವಾದ. ಪದಕ್ಕೆ ಇಷ್ಟು ಎಂದು ದರ. ಒಂದು ಪದಕ್ಕಾಗಿ ಅರ್ಧ ದಿನ ನಿಘಂಟು ತಿರುವಿ ಹಾಕಿದರೂ ಬಿಲ್ಲಿನಲ್ಲಿ ಅದು ಒಂದೇ ಪದ. ಹಾಗಾಗಿ ಈ ಬ್ಲಾಕ್ ಲೆಕ್ಕ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಆದರೆ ನಾನು ನಿದ್ದೆಗೆಟ್ಟು ತಪ್ಪು ಮಾಡಿದರೆ ಪ್ರೂಫ್ ನೋಡುವವರು ಒಬ್ಬರಿದ್ದಾರೆ.

ಈ ಲೆಕ್ಕ ಹುಟ್ಟಿದ್ದು ಪೈಲಟ್‌ಗಳ ಮೇಲಿನ ದ್ವೇಷದಿಂದಲ್ಲ, ಅವರದೇ ಒಂದು ಗೆಲುವಿನಿಂದ. ಇದೇ ಈ ಇತಿಹಾಸದ ಸ್ವಾರಸ್ಯ.

1930ರ ಸುಮಾರಿಗೆ ಅಮೆರಿಕದಲ್ಲಿ ವಿಮಾನ ಅಂದರೆ ಮುಖ್ಯವಾಗಿ ಅಂಚೆ. ರಾತ್ರಿ, ಮಂಜು, ಬೆಟ್ಟ ಎನ್ನದೆ ಅಂಚೆಚೀಲ ಹೊತ್ತು ಹಾರುತ್ತಿದ್ದ ಪೈಲಟ್‌ಗಳು ಸಾಯುವುದು ಸಾಮಾನ್ಯವಾಗಿತ್ತು. ಆರ್ಥಿಕ ಕುಸಿತ ಬಂದಾಗ ಕಂಪನಿಗಳು ಸಂಬಳಕ್ಕೆ ಕತ್ತರಿ ಹಾಕತೊಡಗಿದವು. 1931ರಲ್ಲಿ ಡೇವಿಡ್ ಬೆಂಕಿ ಎಂಬ ಪೈಲಟ್ ಮುಂದೆ ನಿಂತು ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಕಟ್ಟಿದರು. ಮರುವರ್ಷವೇ ಶಿಕಾಗೋದಲ್ಲಿ ಪರೀಕ್ಷೆ ಎದುರಾಯಿತು. ಕಾರು ತಯಾರಿಸಿ ದುಡ್ಡು ಮಾಡಿದ್ದ ಇ. ಎಲ್. ಕಾರ್ಡ್ ತನ್ನ ಸೆಂಚುರಿ ಏರ್‌ಲೈನ್ಸ್‌ನ ಪೈಲಟ್‌ಗಳ ಸಂಬಳವನ್ನು ಏಕಾಏಕಿ ಇಳಿಸಿದ. ಒಪ್ಪದವರನ್ನು ಹೊರಹಾಕಿದ. ಆಮೇಲೆ ನ್ಯೂಯಾರ್ಕ್‌ನ ಮೇಯರ್ ಆಗಿ ಹೆಸರಾದ, ಇಂದು ಅಲ್ಲಿನ ವಿಮಾನ ನಿಲ್ದಾಣಕ್ಕೆ ಯಾರ ಹೆಸರಿದೆಯೋ ಆ ಲಾ ಗಾರ್ಡಿಯಾ ಆಗ ಸಂಸತ್ತಿನ ಸದಸ್ಯ; ಪೈಲಟ್‌ಗಳ ಪರ ನಿಂತರು.

1934ರ ಮೇ ತಿಂಗಳಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಳಿ ಒಂದು ತೀರ್ಪು ಕೊಟ್ಟಿತು. ಪೈಲಟ್‌ಗಳ ಇತಿಹಾಸದಲ್ಲಿ ಅದಕ್ಕೆ 83ನೇ ತೀರ್ಪು ಎಂದೇ ಹೆಸರು. ಒಬ್ಬ ಪೈಲಟ್ ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಬಾರದು. ಸಂಬಳದಲ್ಲಿ ಮೂಲವೇತನ, ಗಂಟೆಯ ದರ, ಮೈಲಿಯ ದರ ಸೇರಬೇಕು. ವಿಮಾನಗಳು ವೇಗವಾದಂತೆ ಅದೇ ದೂರಕ್ಕೆ ಗಂಟೆ ಕಡಿಮೆಯಾಗಿ ಪೈಲಟ್‌ಗೆ ನಷ್ಟವಾಗಬಾರದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. 1938ರ ನಾಗರಿಕ ವಿಮಾನಯಾನ ಕಾಯ್ದೆ ಈ ತೀರ್ಪನ್ನು ಪಾಲಿಸಲೇಬೇಕು ಎಂದು ಕಂಪನಿಗಳನ್ನು ಕಟ್ಟಿಹಾಕಿತು. ದಣಿದ ಪೈಲಟ್‌ನಿಂದ ಅಪಾಯ ಎಂಬುದನ್ನು ಸರ್ಕಾರ ಒಪ್ಪಿ ಬರೆದುಕೊಂಡ ಆರಂಭದ ಗಳಿಗೆಗಳಲ್ಲಿ ಇದೊಂದು.

ಆದರೆ ಮಿತಿ ಹಾಕಿದ್ದು ಹಾರುವ ಗಂಟೆಗೆ. ಆಗ ಹಾರುವುದೇ ಕೆಲಸದ ಬಹುಪಾಲು, ಅದೇ ಅಪಾಯದ ಪಾಲು ಕೂಡ. ಕಾಯುವ ಗಂಟೆ, ಬಂದು ಹೋಗುವ ಗಂಟೆಗಳನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ದೊಡ್ಡ ಕಂಪನಿಗಳಲ್ಲಿ ಮುಂದಿನ ನಲವತ್ತು ವರ್ಷ ಇದರಿಂದ ತೊಂದರೆಯೂ ಆಗಲಿಲ್ಲ. ಟಿಕೆಟ್ ದರ, ಮಾರ್ಗ ಎರಡನ್ನೂ ಸರ್ಕಾರವೇ ಗೊತ್ತು ಮಾಡುತ್ತಿದ್ದ ಕಾಲ ಅದು. ಸಂಬಳ ಏರಿದರೆ ಕಂಪನಿ ಅದನ್ನು ಟಿಕೆಟ್‌ಗೆ ದಾಟಿಸುತ್ತಿತ್ತು. ಸಂಘ ಬಲವಾಗಿತ್ತು. ಸಂಬಳ ಹೆಚ್ಚಿದಾಗ ಗಂಟೆ ಯಾವಾಗ ಶುರು ಎಂದು ಜಗಳವಾಡುವವರು ಕಡಿಮೆ.

ಇನ್ನೊಂದು ಕಡೆ, ಕಾನೂನಿನ ಕಣ್ಣಿಗೆ ಬೀಳದಷ್ಟು ಸಣ್ಣ ವಿಮಾನಗಳ ಲೋಕ ಬೆಳೆಯುತ್ತಿತ್ತು. ನಮ್ಮ ಊರುಗಳಲ್ಲಿ ಟೆಂಪೋ ಓಡಿಸುವವರಿಗೂ ಸರ್ಕಾರಿ ಬಸ್ಸಿಗೂ ಇರುವ ಸಂಬಂಧ ನೆನಪಿಸಿಕೊಳ್ಳಿ. 1967ರಲ್ಲಿ ಅಲೆಗೆನಿ ಎಂಬ ಏರ್‌ಲೈನ್ ತನಗೆ ಗಿಟ್ಟದ ಮಾರ್ಗವೊಂದನ್ನು, ಮೇರಿಲ್ಯಾಂಡ್‌ನ ಹೇಗರ್ಸ್‌ಟೌನ್‌ನಿಂದ ಬಾಲ್ಟಿಮೋರ್‌ಗೆ ಹೋಗುವುದನ್ನು, ಹೆನ್ಸನ್ ಎಂಬ ಸಣ್ಣ ಕಂಪನಿಗೆ ಬಿಟ್ಟುಕೊಟ್ಟಿತು. ಓಡಿಸುವವರು ಹೆನ್ಸನ್‌ನವರು, ಟಿಕೆಟ್ ಮೇಲಿನ ಹೆಸರು ಅಲೆಗೆನಿ ಕಮ್ಯೂಟರ್. ನಲವತ್ತೆರಡು ವರ್ಷಗಳ ನಂತರ ಬಫಲೋಗೆ ಹೊರಟ ಟಿಕೆಟ್ಟಿನ ಮುತ್ತಜ್ಜ ಇದು.

ಈ ಕಮ್ಯೂಟರ್ ಪದದ ಬಗ್ಗೆ ಒಂದು ಮಾತು, ಭಾಷಾಶಾಸ್ತ್ರ ಓದಿದವಳ ಚಪಲ ಅಂದುಕೊಳ್ಳಿ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ರೈಲ್ವೆಗಳು ದಿನವೂ ಓಡಾಡುವವರಿಗೆ ರಿಯಾಯಿತಿ ಪಾಸು ಕೊಡುತ್ತಿದ್ದವು. ದಿನದಿನದ ಟಿಕೆಟನ್ನು ಒಂದೇ ಸಣ್ಣ ಮೊತ್ತಕ್ಕೆ ಬದಲಿಸಿಕೊಳ್ಳುವ ಆ ಪಾಸಿಗೆ ಕಮ್ಯೂಟೇಷನ್ ಟಿಕೆಟ್ ಎಂದು ಹೆಸರು. ಮುಂಬಯಿಯ ಲೋಕಲ್ ಪಾಸ್ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. ವಿಮಾನಯಾನದಲ್ಲಿ ಈ ಪದಕ್ಕೆ ಎರಡು ಅರ್ಥ ಬಂತು. ಒಂದು, ಸಣ್ಣ ಊರುಗಳಿಗೆ ಹಾರುವ ಕಂಪನಿ. ಇನ್ನೊಂದು, ತನ್ನ ಡ್ಯೂಟಿಯ ಊರಿಗೆ ಬೇರೆ ಊರಿನಿಂದ ವಿಮಾನ ಹತ್ತಿ ಬರುವ ಪೈಲಟ್. ಮೊದಲನೆಯದರ ಸಂಬಳವೇ ಎರಡನೆಯದನ್ನು ಹುಟ್ಟಿಸಿತು ಎಂದು ನಾನು ಹೇಳಿದರೆ ಪೂರ್ತಿ ಸರಿಯಾಗಲಾರದು, ದೊಡ್ಡ ಕಂಪನಿಗಳ ಶ್ರೀಮಂತ ಕ್ಯಾಪ್ಟನ್‌ಗಳೂ ಹೀಗೆ ಬಂದು ಹೋಗುತ್ತಾರೆ. ಆದರೆ ಅವರು ತಲುಪಿದ ಊರಿನಲ್ಲಿ ಹೋಟೆಲ್ ಹಿಡಿಯಬಲ್ಲರು.

1978ರಲ್ಲಿ ಅಮೆರಿಕ ವಿಮಾನಯಾನದ ಮೇಲಿನ ದರ-ಮಾರ್ಗದ ಹಿಡಿತ ಬಿಟ್ಟಿತು. ಅಗ್ಗದ ಹೊಸ ಕಂಪನಿಗಳು ಬಂದವು, ಹಳೆಯವು ತತ್ತರಿಸಿದವು. 1983ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು ಉಪಾಯ ತಂದಿತು. ಇರುವ ಪೈಲಟ್‌ಗಳ ಸಂಬಳ ಮುಟ್ಟುವುದಿಲ್ಲ, ಇನ್ನು ಮುಂದೆ ಸೇರುವವರಿಗೆ ಮಾತ್ರ ಬೇರೆ, ಬಹಳ ಕೆಳಗಿನ ಪಟ್ಟಿ. ಅದಕ್ಕೆ ಬಿ-ಸ್ಕೇಲ್ ಎಂದು ಹೆಸರಾಯಿತು. ಇರುವವರು ಮತ ಹಾಕಿ ಒಪ್ಪಿದರು. ಇನ್ನೂ ಸೇರದವರಿಗೆ ಮತವಿಲ್ಲವಲ್ಲ. ಯುನೈಟೆಡ್‌ನಲ್ಲಿ 1985ರ ಮೇ ತಿಂಗಳಲ್ಲಿ ಪೈಲಟ್‌ಗಳು ಇದೇ ವಿಚಾರಕ್ಕೆ 29 ದಿನ ಮುಷ್ಕರ ಹೂಡಿದರು. ಒಂದೇ ಕಾಕ್‌ಪಿಟ್‌ನಲ್ಲಿ ಪಕ್ಕಪಕ್ಕ ಕೂತವರು ಎರಡು ಪಟ್ಟಿಯವರಾದರೆ ಮನಸ್ತಾಪ ಸಹಜ. ಬಿ-ಸ್ಕೇಲ್ ಕ್ರಮೇಣ ಕರಗಿತು.

ಕರಗಿತು ಅನ್ನುವುದಕ್ಕಿಂತ ಮನೆ ಬದಲಿಸಿತು ಅನ್ನುವುದು ನನ್ನ ಅಭಿಪ್ರಾಯ. ಕಂಪನಿಯ ಒಳಗೆ ಇಟ್ಟುಕೊಳ್ಳಲಾಗದ ಅಗ್ಗದ ಪಟ್ಟಿಯನ್ನು ಕಂಪನಿಯ ಹೊರಗೆ ಇಡಬಹುದಿತ್ತು. 1984ರಲ್ಲಿ ಅಮೆರಿಕನ್ ಈಗಲ್ ಎಂಬ ಹೆಸರು ಶುರುವಾಯಿತು. ಡೆಲ್ಟಾ ಕನೆಕ್ಷನ್, ಯುನೈಟೆಡ್ ಎಕ್ಸ್‌ಪ್ರೆಸ್ ಬಂದವು. 1993ರಲ್ಲಿ ಕಾಮ್‌ಏರ್ 50 ಸೀಟಿನ ಜೆಟ್ ತಂದ ಮೇಲೆ ಈ ರೀಜನಲ್ ಕಂಪನಿಗಳು ಕುಗ್ರಾಮದ ಟೆಂಪೋಗಳಾಗಿ ಉಳಿಯಲಿಲ್ಲ. 2000ದ ದಶಕದ ಕೊನೆಗೆ ದೇಶದೊಳಗೆ ಮೇಲೇರುವ ವಿಮಾನಗಳಲ್ಲಿ ಸುಮಾರು ಅರ್ಧ ಇವರವೇ.

ಇದರಲ್ಲಿ ಹಿರಿಯ ಪೈಲಟ್‌ಗಳ ಸಂಘಗಳ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. ಇಷ್ಟು ಸೀಟಿಗಿಂತ ದೊಡ್ಡ ವಿಮಾನಗಳನ್ನು ನಾವೇ ಓಡಿಸಬೇಕು ಎಂದು ಅವರು ಕರಾರು ಬರೆಸಿಕೊಂಡರು. ತಮ್ಮ ಕೆಲಸ ಉಳಿಸಿಕೊಳ್ಳಲು ಅದು ಬೇಕಿತ್ತು. ಆದರೆ ಗೆರೆಯ ಕೆಳಗಿನ ಸಣ್ಣ ವಿಮಾನಗಳನ್ನು ಯಾರು, ಯಾವ ಸಂಬಳಕ್ಕೆ ಓಡಿಸುತ್ತಾರೆ ಎಂಬುದು ಆ ಕರಾರಿನಲ್ಲಿರಲಿಲ್ಲ.

ರೀಜನಲ್ ಕಂಪನಿಗೆ ದೊಡ್ಡ ಕಂಪನಿ ಹಾರಾಟಕ್ಕೆ ಇಷ್ಟು ಎಂದು ಗುತ್ತಿಗೆ ಹಣ ಕೊಡುತ್ತದೆ. ಟಿಕೆಟ್ ಮಾರುವುದು, ದರ ಗೊತ್ತು ಮಾಡುವುದು ದೊಡ್ಡವರು. ಇಂಧನದ ಖರ್ಚೂ ಸಾಮಾನ್ಯವಾಗಿ ಅವರದೇ. ಹಾಗಾದರೆ ಒಂದು ರೀಜನಲ್ ಕಂಪನಿ ಇನ್ನೊಂದಕ್ಕಿಂತ ಕಡಿಮೆಗೆ ಗುತ್ತಿಗೆ ಹಿಡಿಯಬೇಕಾದರೆ ಯಾವುದನ್ನು ಇಳಿಸಬೇಕು? ಉಳಿದದ್ದು ಸಿಬ್ಬಂದಿಯೇ. 2001ರಲ್ಲಿ ಕಾಮ್‌ಏರ್‌ನ ಸುಮಾರು 1,350 ಪೈಲಟ್‌ಗಳು ಸಂಬಳ, ವಿಶ್ರಾಂತಿ, ಪಿಂಚಣಿಗಾಗಿ 89 ದಿನ ಮುಷ್ಕರ ಮಾಡಿ ಒಂದಿಷ್ಟು ಗೆದ್ದರು. 2012ರಲ್ಲಿ ಡೆಲ್ಟಾ ಆ ಕಂಪನಿಯನ್ನೇ ಮುಚ್ಚಿತು. ಕಾಲ್ಗನ್‌ನ ಹಾರಾಟವೂ ಅದೇ ವರ್ಷ ನಿಂತಿತು.

ಕಂಪನಿ ಮುಚ್ಚಿದರೆ ಪೈಲಟ್‌ಗೆ ಹೋಗುವುದು ಬರೀ ಕೆಲಸವಲ್ಲ, ಸೀನಿಯಾರಿಟಿ. ಅದೇನೆಂದು ತಿಳಿಯದೆ ಈ ಜನರ ರಜೆಯ ಕಥೆ ಅರ್ಥವಾಗುವುದಿಲ್ಲ.

ಪ್ರತಿ ಕಂಪನಿಯಲ್ಲೂ ಒಂದು ಪಟ್ಟಿ. ಸೇರಿದ ದಿನಾಂಕದ ಪ್ರಕಾರ ಒಂದನೇ ನಂಬರಿನಿಂದ ಕೊನೆಯ ನಂಬರಿನವರೆಗೆ. ಯಾವ ವಿಮಾನ, ಯಾವ ಊರು, ಯಾವ ವಾರ ರಜೆ, ಎಡಗಡೆ ಸೀಟೋ ಬಲಗಡೆಯೋ, ಎಲ್ಲವೂ ಆ ನಂಬರಿನ ಮೇಲೆ. ಪ್ರತಿಭೆ, ಶಿಫಾರಸು, ಮೇಲಿನವರ ಜತೆ ಸಲುಗೆ ಯಾವುದೂ ನಡೆಯುವುದಿಲ್ಲ. ಒಂದು ರೀತಿಯಲ್ಲಿ ಬಹಳ ನ್ಯಾಯವಾದ ಏರ್ಪಾಡು. ಆದರೆ ಕಂಪನಿ ಬದಲಿಸಿದರೆ ಹತ್ತು ವರ್ಷದ ಕ್ಯಾಪ್ಟನ್ನೂ ಹೊಸ ಪಟ್ಟಿಯ ತಳಕ್ಕೆ ಹೋಗಬೇಕು.

ತಳದಲ್ಲಿರುವ ಹೊಸಬರಿಗೆ ಸಿಗುವುದು ರಿಸರ್ವ್. ಅಂದರೆ ಫೋನ್ ಹತ್ತಿರ ಇಟ್ಟುಕೊಂಡು ಕರೆ ಬಂದ ಎರಡು ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿರುವಂತೆ ಕಾಯುವುದು. ಸಿಯಾಟಲ್‌ನ ಮನೆಯಲ್ಲಿ ಕೂತು ನ್ಯೂಅರ್ಕ್‌ಗೆ ಎರಡು ಗಂಟೆಯಲ್ಲಿ ಬರಲಾಗದು. ಹಾಗಾಗಿ ನಿಲ್ದಾಣದ ಬಳಿ ಹತ್ತಾರು ಪೈಲಟ್‌ಗಳು ಸೇರಿ ಒಂದು ಮನೆ ಹಿಡಿದು, ಮಂಚದ ಮೇಲೆ ಮಂಚ ಹಾಕಿಕೊಂಡು, ಸರದಿಯಲ್ಲಿ ಮಲಗುತ್ತಾರೆ. ಅದಕ್ಕೆ ಅವರೇ ಇಟ್ಟ ಹೆಸರು ಕ್ರ್ಯಾಶ್ ಪ್ಯಾಡ್. ಬ್ಯಾಚುಲರ್ ರೂಮು ಎಂದು ಕನ್ನಡಿಸಿದರೆ ಮರ್ಯಾದೆ ಹೆಚ್ಚಾಯಿತು. ಬಾಡಿಗೆ ಅವರದೇ.

ಇನ್ನು ರಜೆ. ಅಮೆರಿಕದಲ್ಲಿ ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಇಲ್ಲ. ಕನಿಷ್ಠ ಕೂಲಿಯನ್ನೂ ವಾರದ ಗಂಟೆಗಳನ್ನೂ ಗೊತ್ತು ಮಾಡಿದ 1938ರ ಕಾಯ್ದೆಯಲ್ಲಿ ರಜೆಯ ಮಾತೇ ಇಲ್ಲ. ಸಂಬಳ ಸಹಿತ ರಜೆಯ ಬಗ್ಗೆ 1970ರ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದಕ್ಕೆ ಆ ದೇಶ ಸಹಿ ಹಾಕಿಲ್ಲ. ಆದ್ದರಿಂದ ಪೈಲಟ್‌ನ ರಜೆ ಪೂರ್ತಿ ಸಂಘ ಮತ್ತು ಕಂಪನಿಯ ನಡುವಿನ ಕರಾರಿನ ಕೂಸು. ರೀಜನಲ್ ಕಂಪನಿಗಳ ಕರಾರುಗಳ ಸಾಮಾನ್ಯ ರೂಪ ಹೀಗೆ: ಮೊದಲ ವರ್ಷ ದುಡಿದು ರಜೆ ಗಳಿಸಬೇಕು, ಅನುಭವಿಸುವುದು ಮರುವರ್ಷ. ಅದೂ ಒಂದು ವಾರ, ಎರಡು ವಾರ. ಪ್ರತಿ ವರ್ಷದ ಕೊನೆಯಲ್ಲಿ ಮುಂದಿನ ವರ್ಷದ ವಾರಗಳನ್ನು ಪಟ್ಟಿಯ ನಂಬರಿನ ಪ್ರಕಾರ ಆರಿಸಿಕೊಳ್ಳುತ್ತಾರೆ. ಕ್ರಿಸ್‌ಮಸ್, ಜುಲೈ, ಮಕ್ಕಳ ಶಾಲೆಯ ರಜೆ ಮೇಲಿನವರ ಪಾಲು. ಹೊಸಬರ ಕೈಗೆ ಬರುವ ಹೊತ್ತಿಗೆ ಉಳಿದಿರುವುದು ಜನವರಿಯ ಕೊನೆಯೋ ಸೆಪ್ಟೆಂಬರಿನ ನಡುವೋ.

ರಜೆಯ ದಿನಕ್ಕೂ ಗಂಟೆಯ ಲೆಕ್ಕದಲ್ಲೇ ಸಂಬಳ. ಒಂದು ದಿನದ ರಜೆ ಅಂದರೆ ಮೂರು ಅಥವಾ ನಾಲ್ಕು ಗಂಟೆ ಹಾರಿದಂತೆ. ಹಿರಿಯರಿಗೆ ಇಲ್ಲೊಂದು ಜಾಣತನದ ದಾರಿಯಿದೆ. ಕೆಲವು ಕಂಪನಿಗಳಲ್ಲಿ ನಾಲ್ಕು ದಿನದ ಹಾರಾಟದ ಸರದಿಯೊಂದರ ಒಂದು ದಿನ ರಜೆಯ ವಾರದ ಅಂಚಿಗೆ ತಾಗಿದರೂ ಇಡೀ ಸರದಿ ಬಿದ್ದುಹೋಗುತ್ತದೆ. ರಜೆಯ ಎರಡೂ ತುದಿಗೆ ಹೀಗೆ ಸರದಿ ತಾಗಿಸಿಕೊಂಡವರು ಏಳು ದಿನದ ರಜೆಯನ್ನು ಎರಡು ವಾರಕ್ಕೆ ಹಿಗ್ಗಿಸಬಲ್ಲರು. ಆದರೆ ಸರದಿಯನ್ನು ಆರಿಸಿಕೊಳ್ಳುವುದಕ್ಕೂ ನಂಬರ್ ಬೇಕು. ರಿಸರ್ವ್‌ನಲ್ಲಿರುವವರಿಗೆ ಸರದಿಯೇ ಇಲ್ಲ, ಹಿಗ್ಗಿಸುವುದೇನನ್ನು? ಅವರ ಏಳು ದಿನ ಏಳೇ ದಿನ. ಅದರಲ್ಲೂ ಮನೆಗೆ ಹೋಗಲು ಒಂದು, ಮರಳಲು ಒಂದು.

ನಮ್ಮ ರಜೆ ಎಂಬ ಪದ ಮರಾಠಿಯ ರಜಾ ಮೂಲಕ ಬಂದದ್ದು, ಮೂಲದಲ್ಲಿ ಅರಬ್ಬಿ. ಒಪ್ಪಿಗೆ, ಅಪ್ಪಣೆ ಎಂದು ಅರ್ಥ. ಇಂಗ್ಲಿಷಿನ ಲೀವ್ ಕೂಡ ಅಪ್ಪಣೆಯೇ. ಪೈಲಟ್‌ಗಳು ರಜೆ ಕೇಳುವುದಿಲ್ಲ, ಬಿಡ್ ಮಾಡುತ್ತಾರೆ, ಹರಾಜಿನಲ್ಲಿ ಕೂಗಿದಂತೆ. ಕೈಯಲ್ಲಿರುವ ಹಣ ಮಾತ್ರ ಡಾಲರ್ ಅಲ್ಲ, ಕಳೆದ ವರ್ಷಗಳು.

ಬಫಲೋ ದುರಂತಕ್ಕೆ ಮರಳೋಣ. ಸತ್ತವರ ಕುಟುಂಬಗಳು ಸುಮ್ಮನಿರಲಿಲ್ಲ. ಫೋಟೋ ಹಿಡಿದು ಮತ್ತೆ ಮತ್ತೆ ವಾಷಿಂಗ್ಟನ್‌ಗೆ ಹೋದರು. ಇನ್ನೊಂದು ದನಿಯೂ ಅದೇ ದಿನಗಳಲ್ಲಿ ಸಂಸತ್ತಿನಲ್ಲಿ ಕೇಳಿಬಂದಿತ್ತು. ಆ ಜನವರಿಯಲ್ಲಷ್ಟೇ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ ಎಲ್ಲರನ್ನೂ ಉಳಿಸಿದ್ದ ಕ್ಯಾಪ್ಟನ್ ಸಲೆನ್‌ಬರ್ಗರ್, ಫೆಬ್ರವರಿ 24ರಂದು ಸಮಿತಿಯ ಮುಂದೆ ತನ್ನ ಸಂಬಳ ಶೇಕಡಾ 40 ಕಡಿತವಾಗಿರುವುದನ್ನೂ ಪಿಂಚಣಿ ಹೋಗಿರುವುದನ್ನೂ ಹೇಳಿದರು. ಹೀರೋನ ಬಾಯಲ್ಲಿ ಸಂಬಳದ ಮಾತು ಬಂದದ್ದು ಹಲವರಿಗೆ ಇರುಸುಮುರುಸಾಗಿರಬೇಕು.

2010ರಲ್ಲಿ ಕಾನೂನು ಬಂತು. ಏರ್‌ಲೈನ್ ವಿಮಾನದ ಸಹ ಪೈಲಟ್ ಆಗಲು ಹಿಂದೆ 250 ಗಂಟೆಯ ಹಾರಾಟದ ಅನುಭವವಿದ್ದರೆ ನಡೆಯುತ್ತಿತ್ತು, 2013ರಿಂದ ಸಾಮಾನ್ಯವಾಗಿ 1,500 ಗಂಟೆ ಬೇಕಾಯಿತು. ಬಫಲೋ ವಿಮಾನದ ಇಬ್ಬರಿಗೂ ಅದಕ್ಕಿಂತ ಹೆಚ್ಚೇ ಅನುಭವವಿತ್ತು. ಹೀಗಾಗಿ ಈ ನಿಯಮದ ಬಗ್ಗೆ ಇಂದಿಗೂ ವಾದ ನಿಂತಿಲ್ಲ. 2024ರಲ್ಲಿ ಹೊಸ ಕಾಯ್ದೆ ಬಂದಾಗಲೂ ಕುಟುಂಬಗಳು ಹೋರಾಡಿ ಅದನ್ನು ಉಳಿಸಿಕೊಂಡವು. ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು 2014ರ ಜನವರಿಯಲ್ಲಿ ಜಾರಿಯಾದ ವಿಶ್ರಾಂತಿಯ ನಿಯಮ. ಹಿಂದೆ ಎರಡು ಡ್ಯೂಟಿಗಳ ನಡುವಿನ ವಿಶ್ರಾಂತಿಯನ್ನು ಎಂಟು ಗಂಟೆಗೆ ಇಳಿಸಬಹುದಿತ್ತು. ಹೋಟೆಲಿನ ವ್ಯಾನಿಗೆ ಕಾದದ್ದು, ಊಟ, ಸ್ನಾನ ಎಲ್ಲ ಆ ಎಂಟರಲ್ಲೇ. ಈಗ ಹತ್ತು ಗಂಟೆ, ಅದರಲ್ಲಿ ಎಂಟು ಗಂಟೆ ನಿದ್ದೆಗೆಂದೇ ಅಡ್ಡಿಯಿಲ್ಲದೆ ಸಿಗಬೇಕು. ಬ್ಲಾಕ್ ಗಂಟೆಯ ಜತೆಗೆ ಡ್ಯೂಟಿಯ ಒಟ್ಟು ಗಂಟೆ, ಅದು ದಿನದ ಯಾವ ಹೊತ್ತಿಗೆ ಶುರುವಾಯಿತು ಎಂಬುದೂ ಎಣಿಕೆಗೆ ಬಂತು.

ಎರಡು ಗಂಟೆಗಳು ಮಾತ್ರ ಆಗಲೂ ಎಣಿಕೆಯ ಹೊರಗೆ ಉಳಿದವು. ಮನೆಯಿಂದ ಡ್ಯೂಟಿಯ ಊರಿಗೆ ಬರುವ ಪ್ರಯಾಣ ಒಂದು. ಸಂಸತ್ತು ಕೇಳಿದ್ದರಿಂದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಧ್ಯಯನ ನಡೆಸಿ, ನಿಯಮ ಮಾಡುವಷ್ಟು ಮಾಹಿತಿ ಇಲ್ಲ ಎಂದು 2011ರಲ್ಲಿ ವರದಿ ಕೊಟ್ಟಿತು. ಇನ್ನೊಂದು, ಸರಕು ವಿಮಾನದ ಪೈಲಟ್‌ಗಳ ಗಂಟೆ. ಲಾಭಕ್ಕಿಂತ ಖರ್ಚು ಹೆಚ್ಚು ಎಂದು ಅವರನ್ನು ಹೊಸ ವಿಶ್ರಾಂತಿ ನಿಯಮದಿಂದ ಕೈಬಿಟ್ಟರು. ಸಹ ಪೈಲಟ್‌ಳನ್ನು ಆ ರಾತ್ರಿ ಮೆಂಫಿಸ್ ಮೂಲಕ ನ್ಯೂಅರ್ಕ್‌ಗೆ ತಲುಪಿಸಿದವರೂ ಸರಕಿನ ಪೈಲಟ್‌ಗಳೇ. ದಣಿವು ಅಪಘಾತಕ್ಕೆ ಎಷ್ಟು ಕಾರಣ ಎಂಬುದರ ಬಗ್ಗೆ ತನಿಖಾ ಮಂಡಳಿಯಲ್ಲೇ ಒಮ್ಮತವಿರಲಿಲ್ಲ. ಇಬ್ಬರೂ ದಣಿದಿದ್ದರು, ಆದರೆ ಅದರ ಪಾಲು ಇಷ್ಟೇ ಎಂದು ಹೇಳಲಾಗದು ಎಂದಿತು ವರದಿ. ದಣಿವನ್ನೂ ಕಾರಣಗಳ ಪಟ್ಟಿಗೆ ಸೇರಿಸಬೇಕಿತ್ತು ಎಂದು ಅಧ್ಯಕ್ಷೆ ಡೆಬ್ರಾ ಹರ್ಸ್‌ಮನ್ ಪ್ರತ್ಯೇಕವಾಗಿ ಬರೆದರು.

ವಿಶ್ರಾಂತಿ ಬೇರೆ, ರಜೆ ಬೇರೆ. ಇದು ಅಮೆರಿಕದವರ ತಕರಾರು ಮಾತ್ರ ಅಂದುಕೊಳ್ಳುವಂತಿಲ್ಲ. 2025ರ ಡಿಸೆಂಬರಿನಲ್ಲಿ ಇಂಡಿಗೋ ಹಾರಾಟಗಳು ರದ್ದಾಗಿ ದೆಹಲಿ, ಬೆಂಗಳೂರು, ಹೈದರಾಬಾದ್, ಮುಂಬಯಿ ನಿಲ್ದಾಣಗಳಲ್ಲಿ ಸೂಟ್‌ಕೇಸಿನ ಮೇಲೆ ಕೂತಿದ್ದವರಲ್ಲಿ ನಿಮ್ಮಲ್ಲೂ ಕೆಲವರಿರಬಹುದು. ನಮ್ಮ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತ್ತು, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿತ್ತು. ಕಂಪನಿಗಳ ವಿರೋಧದಿಂದ ಮುಂದೂಡಿ, 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಹಂತದಲ್ಲಿ ಜಾರಿಯಾಯಿತು. ಅದರ ಜತೆಗೊಂದು ಸಣ್ಣ ಸೂಚನೆಯಿತ್ತು: ಪೈಲಟ್ ಹಾಕಿದ ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಜಮಾ ಮಾಡಬಾರದು. ತಂಗಿಯ ಮದುವೆಗೆಂದು ಎರಡು ದಿನ ರಜೆ ಹಾಕಿದರೆ, ಆ ಎರಡು ದಿನವೇ ನಿನ್ನ ವಿಶ್ರಾಂತಿ ಆಯಿತು ಅನ್ನುವಂತಿಲ್ಲ. ಡಿಸೆಂಬರ್ 5ರಂದು, ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದ ದಿನ, ಡಿಜಿಸಿಎ ಹಿಂದೆ ತೆಗೆದುಕೊಂಡದ್ದು ಆ ಸೂಚನೆಯನ್ನೇ. ರಾತ್ರಿ ಹಾರಾಟದ ಮಿತಿಯಿಂದಲೂ ಇಂಡಿಗೋಗೆ ತಾತ್ಕಾಲಿಕ ವಿನಾಯಿತಿ ಸಿಕ್ಕಿತು. ನಿಲ್ದಾಣದಲ್ಲಿ ಕಾದವರ ಸಿಟ್ಟು ಟಿವಿಯಲ್ಲಿ ಕಂಡಷ್ಟು ಈ ಸೂಚನೆಯ ಸುದ್ದಿ ಕಾಣಲಿಲ್ಲ.

ಅಮೆರಿಕದ ಹೊಸಬರ ಸಂಬಳ ಕೊನೆಗೂ ಏರಿದ್ದು ಕರುಣೆಯಿಂದಲ್ಲ, ಕೊರತೆಯಿಂದ. 1,500 ಗಂಟೆಯ ನಿಯಮ ಬಂದ ಮೇಲೆ ಹೊಸಬರು ಬರುವುದು ನಿಧಾನವಾಯಿತು. 2020ರಲ್ಲಿ ಕೋವಿಡ್ ಬಂದಾಗ ದೊಡ್ಡ ಕಂಪನಿಗಳು ಹಿರಿಯರಿಗೆ ಹಣ ಕೊಟ್ಟು ಬೇಗ ನಿವೃತ್ತಿ ಮಾಡಿಸಿದ್ದವು. ಜನ ಮತ್ತೆ ಪ್ರಯಾಣ ಶುರು ಮಾಡಿದಾಗ ರೀಜನಲ್ ಕಂಪನಿಗಳ ಪೈಲಟ್‌ಗಳನ್ನೆಲ್ಲ ಸೆಳೆದುಕೊಂಡವು. ಕಾಕ್‌ಪಿಟ್‌ಗೆ ಜನ ಸಿಗದೆ ಸಣ್ಣ ಊರುಗಳಿಗೆ ಸೇವೆ ನಿಂತಿತು. 2022ರ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಂಗಸಂಸ್ಥೆಗಳಾದ ಎನ್ವಾಯ್ ಮತ್ತು ಪೀಡ್‌ಮಾಂಟ್, ತಾತ್ಕಾಲಿಕ ಹೆಚ್ಚಳವೂ ಸೇರಿ ಹೊಸ ಸಹ ಪೈಲಟ್‌ಗೆ ಗಂಟೆಗೆ 90 ಡಾಲರ್ ಕೊಡುವುದಾಗಿ ಹೇಳಿದವು. ಬೇರೆ ಕಂಪನಿಗಳೂ ಹಿಂಬಾಲಿಸಿದವು. ಹದಿಮೂರು ವರ್ಷದ ಹಿಂದಿನ ವಿಚಾರಣೆಯಲ್ಲಿ ಕೂತಿದ್ದವರು ಈ ಅಂಕಿ ಕೇಳಿದ್ದರೆ ನಗುತ್ತಿದ್ದರೋ ಏನೋ.

90 ಡಾಲರ್ ಕೂಡ ಬ್ರೇಕ್ ಬಿಟ್ಟ ಗಂಟೆಗೇ. ರಿಸರ್ವ್ ಇದೆ, ಕ್ರ್ಯಾಶ್ ಪ್ಯಾಡ್ ಇದೆ. ಆದರೆ ಆ ಸಂಬಳದಲ್ಲಿ ನೆಗಡಿಯಾದ ದಿನ ಹೋಟೆಲಿನಲ್ಲಿ ಒಂದು ರಾತ್ರಿ ಮಲಗಬಹುದು. ರಜೆಯ ಪಟ್ಟಿ ಈಗಲೂ ವರ್ಷದ ಕೊನೆಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಹೊಸಬರು ಜನವರಿಯ ವಾರಕ್ಕೆ ಹೆಸರು ಬರೆಸುತ್ತಾರೆ.